ಹೂ ಬೀಳದ ಮಂಗಳವಾರ

ನಿಟ್ಟೂರು
13 ಜೂನ್ 2024, ಗುರುವಾರ

ಚಿರಂಜೀವಿ ರಂಗನಾಥನಿಗೆ ನಿನ್ನ ಅಕ್ಕ ಚಿಕ್ಕಗಂಗಮ್ಮನ ಆಶೀರ್ವಾದ.

ನೀನು ಗೋವಾದಿಂದ ಎರಡು ಹಾಯಿದೋಣಿಗಳ ಫೋಟೋ ಕಳಿಸಿ ತಿಂಗಳಾಯಿತು. ಇಷ್ಟು ದಿನ ಕಾಯಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಬಾಯಿಂದ ಮಾತು ಬರುವ ಮೊದಲೇ ‘ಸರಿ ಅಕ್ಕ, ಸರಿ ಅಕ್ಕ’ ಅನ್ನುತ್ತೀಯ. ಕಾಗದವಾದರೆ ನೀನು ಪೂರ್ತಿ ಓದಲೇಬೇಕು. ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ನಿನ್ನ ಭಾವನ ಮಂಡಿನೋವೂ ಇದೆ, ಅವರ ಬಾಯೂ ಇದೆ.

ನಾನು ಸಮುದ್ರ ಕಂಡವಳಲ್ಲ. ಒಂದು ಮೂವತ್ತೆಂಟು ಅಡಿ, ಇನ್ನೊಂದು ಮೂವತ್ತನಾಲ್ಕು ಎಂದರೆ ನನಗೇನು ತಿಳಿಯಬೇಕು? ಸೊಸೆ ಬಿಂದುಶ್ರೀ ಟೇಪು ಹಿಡಿದು, ಕಾಯಿ ಸುಲಿಯುವ ಕಣದಲ್ಲಿ ಎರಡನ್ನೂ ಅಷ್ಟಷ್ಟೇ ಉದ್ದಕ್ಕೆ ರಂಗೋಲಿ ಪುಡಿಯಲ್ಲಿ ಬರೆದಳು. ನಿನ್ನ ಭಾವ ಬಂದವರು ಸುಮ್ಮನಿರಲಿಲ್ಲ.

“ಏನಮ್ಮಾ, ಅತ್ತೆ ಸೊಸೆ ಬೇರೆ ಬೇರೆ ಮನೆಗೆ ಪಾಯ ಹಾಕ್ತಿದೀರಾ?”

“ಮಾವ, ನೀವೀಗ ನಿಂತಿರೋದು ನೀರಲ್ಲಿ” ಅಂದಳು ಬಿಂದು. ಅವರು ಮಂಡಿ ಹಿಡಿದುಕೊಂಡು ಗೆರೆ ದಾಟಿ ಒಳಗೆ ಬಂದು ನಿಂತರು.

ದೊಡ್ಡದರಲ್ಲಿ ಅಡುಗೆ ಕಟ್ಟೆ, ಎರಡು ಮಲಗುವ ಕೋಣೆ, ನೆರಳಿಗೆ ಮೇಲೊಂದು ಹೊದಿಕೆ. ನಿನ್ನ ಸುಧಾ ಆಸ್ಪತ್ರೆಯಲ್ಲಿದ್ದಾಗ ಇವೇ ಎರಡು ಫೋಟೋ ನೋಡಿ ದೊಡ್ಡದನ್ನು ಆರಿಸಿದ್ದಳು ಎಂದು ಬರೆದಿದ್ದೀಯ. ಚಿಕ್ಕದು ಇಕ್ಕಟ್ಟು, ತಳದಲ್ಲಿ ಸೀಸದ ಭಾರ ಹೆಚ್ಚು, ಒಬ್ಬನೇ ಕೂತು ನಡೆಸಬಹುದು ಎಂದೂ ಬರೆದಿದ್ದೀಯ. ನಾನು ಆ ಚಿಕ್ಕದರಲ್ಲಿ ಹೋಗಿ ಕೂತು ನೋಡಿದೆ. ಕೈ ಚಾಚಿದರೆ ಎಲ್ಲ ಹಗ್ಗವೂ ಸಿಗುತ್ತದಂತೆ. ಹಗ್ಗ ಸಿಗುತ್ತದಪ್ಪ, ಎದುರಿಗೆ ಮಾತಾಡಲು ಯಾರು ಸಿಗುತ್ತಾರೆ?

ಅವಳು ಹೋಗಿ ಏಳು ತಿಂಗಳಾಯಿತು. ಮಳೆಗಾಲ ಮುಗಿಯುತ್ತಲೇ ಅವಳ ಆಸೆಯಂತೆ ಸಮುದ್ರಕ್ಕೆ ಹೊರಡುತ್ತೇನೆ, ದೋಣಿಗೆ ಅವಳ ಹೆಸರೇ ಬರೆಸುತ್ತೇನೆ, ಯಾವುದು ತೆಗೆದುಕೊಳ್ಳಲಿ ಎಂದು ಅಮ್ಮನ ಹತ್ತಿರ ಹೂ ಕೇಳು ಎಂದೆಯಲ್ಲ. ಮೊನ್ನೆ ಮಂಗಳವಾರ ಬಸ್ಸು ಹತ್ತಿ ನಮ್ಮ ತವರಿನ ಊರಮ್ಮನ ಗುಡಿಗೆ ಹೋದೆ.

ಪೂಜಾರಿ ಚನ್ನವೀರಯ್ಯ ಅಮ್ಮನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ, “ಮನಸ್ನಲ್ಲೇ ಕೇಳ್ಕೊಳಿ” ಅಂದ. ಬಲಕ್ಕೆ ಬಿದ್ದರೆ ದೊಡ್ಡದು, ಎಡಕ್ಕೆ ಬಿದ್ದರೆ ಚಿಕ್ಕದು ಎಂದು ಕೇಳಿಕೊಂಡೆ. ನನ್ನ ಹಿಂದೆ ಬಂದವರು ಸೈಟು ಕೇಳಿದರು, ಹೂವಾಯಿತು. ಹೆಬ್ಬೂರಿನವರು ಹೆಣ್ಣಿನ ವಿಷಯ ಕೇಳಿದರು, ಹೂವಾಯಿತು. ನನಗೆ ಮಾತ್ರ ಇಲ್ಲ. ಮತ್ತೆ ಅಂಟಿಸಿದ, ಮತ್ತೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಹೂವೇ ಬಾಡಿತು.

“ಅದೇನ್ ಕೇಳಿದ್ರವ್ವ ನೀವು?” ಅಂದ. ಹೇಳಿದೆ. ಅವನು ತಲೆ ಚಚ್ಚಿಕೊಂಡ.

“ಬಲ ಅಂದ್ರೆ ಹೂಂ, ಎಡ ಅಂದ್ರೆ ಬ್ಯಾಡ. ನೀವು ಎರಡ್ ಕಡೆಗೂ ಹೂಂ ಅಂತ್ಲೇ ಇಟ್ಬುಟ್ಟಿದೀರಲ್ಲ. ಬ್ಯಾಡ ಅನ್ನಕ್ಕೆ ಅಮ್ಮಂಗೆ ಜಾಗ ಎಲ್ಲವ್ವ ಬುಟ್ಟಿದೀರಿ? ಸರಿಯಾಗ್ ಕೇಳಿ, ಇನ್ನೊಂದ್ ಸಲ ಅಂಟಿಸ್ತೀನಿ.”

ನಾನು ಕೇಳಲಿಲ್ಲ. ತೀರ್ಥ ತೆಗೆದುಕೊಂಡು ಎದ್ದು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಮಾತೇ ಕಿವಿಯಲ್ಲಿತ್ತು.

ಅಮ್ಮ ಹೇಳದಿದ್ದರೆ ಅಕ್ಕ ಹೇಳಬೇಕು ತಾನೆ. ನಮ್ಮ ಕುಣಿಗಲ್ ಕೆರೆಯಲ್ಲಿ ಹರಿಗೋಲು ಹಾಕುತ್ತಿದ್ದ ಅಣ್ಣಯ್ಯಪ್ಪ ನೆನಪಿದ್ದಾನಾ? ಜನರನ್ನು ಆಚೆ ದಡಕ್ಕೆ ಬಿಟ್ಟು ಒಬ್ಬನೇ ವಾಪಸು ಬರುವಾಗ ಹರಿಗೋಲಿಗೆ ಎರಡು ಕಲ್ಲುಗುಂಡು ಎತ್ತಿಟ್ಟುಕೊಳ್ಳುತ್ತಿದ್ದ. “ಯಾಕಣ್ಣ?” ಎಂದು ನೀನೇ ಕೇಳಿದ್ದೆ. “ಖಾಲಿ ಇದ್ರೆ ಗಾಳಿ ಆಟ ಆಡ್ಸುತ್ತೆ ಕಣ್ಲಾ” ಅಂದಿದ್ದ. ಹೋಗಲೇಬೇಕೆಂದಿದ್ದರೆ ಆ ಭಾರದ ಚಿಕ್ಕದನ್ನೇ ತೆಗೆದುಕೋ. ಜೊತೆಗೆ ಜನವಿಲ್ಲದವನಿಗೆ ಭಾರವಾದರೂ ಇರಲಿ.

ಕೆರೆ ಅಂದಾಗ ಇನ್ನೊಂದು ನೆನಪಾಯಿತು. ಮದುವೆಯಾದ ಹೊಸದರಲ್ಲಿ ಗಂಗೆಪೂಜೆಗೆ ಸುಧಾಳನ್ನು ಅದೇ ಕೆರೆಗೆ ಕರೆದುಕೊಂಡು ಹೋಗಿದ್ದೆವು. ಅವಳು ಕೊನೆಯ ಮೆಟ್ಟಿಲಿಗೆ ಇಳಿಯದೆ, ನನ್ನ ಸೆರಗು ಹಿಡಿದು ಬಗ್ಗಿ, ಬೆರಳ ತುದಿ ಮಾತ್ರ ಅದ್ದಿದಳು. “ನೇವಿಯವನ ಹೆಂಡತಿಗೆ ನೀರು ಸುಡ್ತದೇನೆ?” ಎಂದು ನೀನು ಗೇಲಿ ಮಾಡಿದೆ. ಎಲ್ಲರೂ ನಕ್ಕೆವು. ಅವಳೂ ನಕ್ಕಳು.

ಹೊತ್ತಿಗೆ ಸರಿಯಾಗಿ ಉಣ್ಣು. ಬಿಂದು ಹುರಿಹಿಟ್ಟು ಮಾಡಿಟ್ಟಿದ್ದಾಳೆ, ಕಾಗದದ ಜೊತೆಗೇ ಕಳಿಸುತ್ತೇನೆ. ನೀರಿನಲ್ಲಿರು, ನೆಲದಲ್ಲಿರು, ನಿನ್ನ ತಲೆ ಕಾಯಲಿ ನಮ್ಮ ಮನೆದೇವರು.

ಇಂತಿ ನಿನ್ನ ಅಕ್ಕ,
ಚಿಕ್ಕಗಂಗಮ್ಮ

ಮರೆತ ಮಾತು: ಮರೆತದ್ದಲ್ಲ, ಏಳು ತಿಂಗಳಿಂದ ನುಂಗಿಕೊಂಡಿದ್ದು. ತುಮಕೂರಿನ ಆಸ್ಪತ್ರೆಯಲ್ಲಿ ನೀನು ಫೋಟೋ ತೋರಿಸಿ ಔಷಧಿ ತರಲು ಕೆಳಗೆ ಹೋದೆಯಲ್ಲ, ಆಗ ನಾನು ಅವಳನ್ನು ಕೇಳಿದೆ, “ಯಾಕೆ ಸುಧಾ, ದೊಡ್ಡದೇ ಬೇಕಾ ನಿಂಗೆ?” “ಅದರ ಅಂಚಿನ ಕಂಬಿ ಎತ್ತರ ಇದೆ ಅತ್ತಿಗೆ, ಹಿಡ್ಕೊಂಡು ಕಣ್ಣು ಮುಚ್ಕೊಂಡು ಕೂರಬೋದು” ಅಂದಳು. ಆಮೇಲೆ ಗೋಡೆ ಕಡೆ ತಿರುಗಿಕೊಂಡು, “ಮೂವತ್ತು ವರ್ಷದಿಂದ ಯಾವ ದೋಣಿ, ಯಾವ ದೋಣಿ ಅಂತಾರೆ. ನೀರಿಗೆ ಬರ್ತೀಯಾ ಅಂತ ಒಂದಿನಾನೂ ಕೇಳ್ಲಿಲ್ಲ. ಅವರಿಗೆ ಹೇಳ್ಬೇಡಿ, ಆಸೆ ಇಟ್ಕೊಂಡವ್ರೆ” ಅಂದಳು. ಹೇಳಬೇಡ ಅಂದದ್ದನ್ನು ಹೇಳಿಬಿಟ್ಟೆ. ಹೋಗಬೇಕೆಂದರೆ ಹೋಗು ರಂಗ, ನಿನ್ನ ಆಸೆಗೆ ಹೋಗು. ಅವಳ ಹೆಸರು ಮಾತ್ರ ದೋಣಿಗೆ ಬರೆಸಬೇಡ.