ಅಳತೆಕಂಬದ ಒಂಬತ್ತು ದಿನ

ಗ್ರಂಥಾಲಯದ ಎದುರಿನ ಮನೆಯಿಂದ,
೧೪ನೇ ತಾರೀಕು, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ, ಆದರೂ ಹೇಳುತ್ತೇನೆ. ನಾನು ಕ್ಷೇಮ ಎಂದು ಬರೆಯಬೇಕಿತ್ತು. ಆದರೆ ಮೂರು ದಿನದಿಂದ ಮೈಯೆಲ್ಲ ಉರಿಯುತ್ತಿದೆ. ಜ್ವರವಲ್ಲ, ಸಿಟ್ಟು.

ಗ್ರಂಥಾಲಯದಲ್ಲಿ ನಮ್ಮ ಜೌಗುನೆಲದ ಇತಿಹಾಸದ ಬಗ್ಗೆ ಪ್ರತಿ ಶುಕ್ರವಾರ ಉಪನ್ಯಾಸ ನಡೆಯುತ್ತಿದೆ. ಮೊದಲ ವಾರ ಹಕ್ಕಿಗಳಾದವು, ಎರಡನೇ ವಾರ ಹಳೆಯ ನಕ್ಷೆಗಳು. ಮೊನ್ನೆ ನೀರಿನ ಮಟ್ಟದ ಸರದಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತೆ. ಅಪ್ಪ ನೀರುಗಂಟಿಯಾಗಿ ಇಪ್ಪತ್ತಾರು ವರ್ಷ, ದಿನಾ ಬೆಳಗ್ಗೆ ತೂಬಿನ ಪಕ್ಕದ ಅಳತೆಕಂಬ ನೋಡಿ ಬರೆದ ಪುಸ್ತಕಗಳನ್ನು ಗ್ರಂಥಾಲಯದವರಿಗೆ ಕೊಟ್ಟವನೇ ನಾನಲ್ಲವೇ? ಉಪನ್ಯಾಸ ಕೊಟ್ಟ ಆ ಕನ್ನಡಕದ ಮೇಷ್ಟ್ರು ಏನಂದರು ಗೊತ್ತೇ? "ಪ್ರತಿ ವರ್ಷ ಒಂದೇ ವಾರದಲ್ಲಿ ನೀರು ನಾಲ್ಕು ಬೆರಳು ಇಳಿದಿದೆ. ನೀರಿಗೂ ವಾರ್ಷಿಕ ರಜೆ ಇತ್ತೇನೋ!" ಸಭೆಯೆಲ್ಲ ಗೊಳ್ಳೆಂದು ನಕ್ಕಿತು.

ಕಂಬ ಕೆಸರಿನಲ್ಲಿ ಕುಸಿಯುತ್ತದೆ, ಕುಸಿದಷ್ಟೂ ನೀರು ಏರಿದಂತೆ ಕಾಣುತ್ತದೆ ಎಂಬುದು ಆ ಮಹಾನುಭಾವರಿಗೇನು ಗೊತ್ತು! ಅದಕ್ಕೇ ಅಪ್ಪ ವರ್ಷಕ್ಕೊಮ್ಮೆ ಅಂಕಿಯ ಹಲಗೆ ಕಿತ್ತು, ತೂಬಿನ ಕಲ್ಲಿನ ಗೆರೆಗೆ ಸರಿಯಾಗಿ ಮೇಲಕ್ಕೆ ಹೊಡೆಯುತ್ತಿದ್ದ. ಆ ವಾರ ಇಳಿಯುತ್ತಿದ್ದದ್ದು ಅಂಕಿ, ನೀರಲ್ಲ. ಸೊಂಟದವರೆಗೆ ನೀರಲ್ಲಿ ನಿಂತು ಆ ಹಲಗೆ ಹಿಡಿಯುತ್ತಿದ್ದವಳು ನೀನು. "ಅಲ್ಲಾಡಿಸ್ಬೇಡ್ವೇ, ಒಂದು ಬೆರಳು ತಪ್ಪಿದ್ರೆ ವರ್ಷಪೂರ್ತಿ ಸುಳ್ಳು ಬರೀಬೇಕಾಗುತ್ತೆ" ಅನ್ನುತ್ತಿದ್ದನಲ್ಲ, ನೆನಪಿದೆಯೇ? ಅಂಥವನ ಪುಸ್ತಕದಿಂದ ಇನ್ನೊಂದು ಪುಟವನ್ನು ಪರದೆಯ ಮೇಲೆ ಹಾಕಿ, "ಒಂಬತ್ತು ದಿನ ಒಂದೇ ಅಂಕಿ. ಇದು ಮನೇಲಿ ಕೂತು ಬರೆದಿದ್ದು" ಅಂದುಬಿಟ್ಟರು. ಇನ್ನೆರಡು ವಾರಕ್ಕೆ ಕೊನೆಯ ಉಪನ್ಯಾಸ, ಆಮೇಲೆ ಎಲ್ಲವೂ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಅಪ್ಪನ ಇಡೀ ಜೀವಮಾನಕ್ಕೆ ಸಿಗುವುದು 'ನಂಬಲರ್ಹವಲ್ಲ' ಎಂಬ ಒಂದೇ ಒಂದು ಮಾತು. ಎದ್ದು ನಿಂತು ಜಾಡಿಸಬೇಕಿತ್ತು, ಬಾಯಿಗೆ ಬೀಗ ಜಡಿದುಕೊಂಡು ಕೂತೆ. "ಮನೇಲಿ ಪಾತ್ರೆ ಕುಕ್ಕೋ ಬದಲು ಅಲ್ಲೇ ಒಂದು ಮಾತು ಆಡಬಾರದಿತ್ತಾ?" ಎಂದು ಹೆಂಡತಿ ಬೇರೆ ಚುಚ್ಚುತ್ತಾಳೆ. ಹಲಗೆಯ ವಿಷಯ ನಾಲ್ಕು ಸಾಲು ಬರೆದು ಕಳಿಸು, ಸಭೆಯಲ್ಲಿ ಓದುತ್ತೇನೆ.

ಪುಟ್ಟಿಗೆ ನನ್ನದೊಂದು ಮುತ್ತು. ಮನೆಯವರಿಗೆಲ್ಲ ಕೇಳಿದೆನೆಂದು ಹೇಳು.

ನಿನ್ನ ತಮ್ಮ,
ನೀನೇ ಹೆಸರಿಟ್ಟ ಸಿಡುಕಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಅಕ್ಕಾ, ಆ ಒಂಬತ್ತು ದಿನದ ಅಕ್ಷರ ನನ್ನದು. ನಿನ್ನ ಮದುವೆಯಾದ ಮರುವರ್ಷ ಅಪ್ಪ ಜ್ವರದಿಂದ ಮಲಗಿದ್ದಾಗ ಕಂಬ ನೋಡಲು ನನ್ನನ್ನು ಕಳಿಸುತ್ತಿದ್ದ. ನಾನು ಕೇರಂ ಆಡಿ ಬಂದು ಹಿಂದಿನ ದಿನದ ಅಂಕಿಯನ್ನೇ ಬರೆದೆ. ಹತ್ತನೇ ದಿನ ಅಪ್ಪ ಎದ್ದು ಹೋಗಿ ಕಂಬ ನೋಡಿ ಬಂದ. ಏನೂ ಕೇಳಲಿಲ್ಲ, ಆ ಪುಟ ಹರಿಯಲೂ ಇಲ್ಲ. ಇದನ್ನೂ ಸಭೆಯಲ್ಲಿ ಹೇಳಬೇಕು, ಒಬ್ಬನಿಂದ ಆಗುವುದಿಲ್ಲ. ಮಂಡಿ ನೋಯುತ್ತದೆಂದು ಗೊತ್ತು, ಆದರೂ ಬಾ. ಪಕ್ಕದಲ್ಲಿ ಕೂತು, ಆ ಹಲಗೆ ಹಿಡಿದ ಹಾಗೆ ನನ್ನನ್ನೂ ಅಲ್ಲಾಡದಂತೆ ಹಿಡಿದುಕೋ.