ಬ್ರಿಗೇಡಿಯರ್ ಸಾಹೇಬರಿಗೆ ಕಳಿಸಿದ ಉಪ್ಪಿನಕಾಯಿ

ಬಾಪಾ,

ಇಂದು ಗಲ್ಫಿನ ಈ ಬೌಷರ್ ಪಟ್ಟಣದ ಸಭಾಂಗಣವೊಂದರಲ್ಲಿ ನಿಮಗಾಗಿ ಎದ್ದು ನಿಂತು ಮೌನ ಆಚರಿಸಿ ಬಂದೆ.

ನಿಮ್ಮ ಬ್ರಿಗೇಡಿಯರ್ ವಿಟ್‌ಕೋಂಬ್ ಸಾಹೇಬರು ತೀರಿಕೊಂಡರು. ಇಲ್ಲಿನ ಅವರ ಸೇನಾ ಬದುಕನ್ನು ಸ್ಮರಿಸುವ ಸಭೆಯಲ್ಲಿ ಅವರ ಮಗ ಒಂದು ಹಳೆಯ ಫೋಟೊ ತೋರಿಸಿದ. ಸೌಟು ಹಿಡಿದು ನಗುತ್ತಿದ್ದವರು ನೀವು. "ಇವನು ಅಪ್ಪನ ಅಡುಗೆಯವ ಮೊಯ್ದೀನ್. ಐವತ್ತು ವರ್ಷದ ಹಿಂದೆ, ಇಲ್ಲಿನ ದೋಫಾರ್ ಬೆಟ್ಟಗಳ ಯುದ್ಧದಲ್ಲಿ ಅಪ್ಪನ ತೋಳಿನಲ್ಲೇ ಸತ್ತ," ಎಂದ. ಸಭೆ ಎದ್ದು ನಿಂತಿತು.

"ಉಪ್ಪಾ, ದಟ್ಸ್ ಅವರ್ ಅಜ್ಜ! ನನಗೆ ಈಜು ಕಲಿಸಿದವರು!" ಎಂದು ನನ್ನ ಮಗಳು ರಿಫಾ ತೋಳು ಹಿಡಿದೆಳೆದಳು.

ಗುಂಡು ತಗುಲಿದ ಸಾಹೇಬರನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಇಳಿದವರು ನೀವು. ಅದನ್ನೇ ಅವರ ಮಗನಿಗೆ ಹೇಳಿದೆ. ಹತ್ತು ವರ್ಷದ ಹಿಂದೆ ಉಳ್ಳಾಲದ ಮನೆಯಲ್ಲಿ ತೀರಿಕೊಂಡಿರೆಂದೂ ಹೇಳಿದೆ. ಅವನು ನನ್ನ ಭುಜ ತಟ್ಟಿದ. "ಹೆಸರು ಒಂದೇ ಇದ್ದೀತು. ಅಪ್ಪ ಸುಳ್ಳು ಹೇಳುವವರಲ್ಲ."

ಪ್ರತಿ ಬೇಸಿಗೆಯಲ್ಲೂ ಲಂಡನ್ನಿಗೆ ಹೋಗುವವರ ಕೈಯಲ್ಲಿ ನೀವು ಅಲ್ಲಿದ್ದ ಸಾಹೇಬರಿಗೆ ಮಾವಿನ ಉಪ್ಪಿನಕಾಯಿ ಕಳಿಸುತ್ತಿದ್ದಿರಿ. ಒಮ್ಮೆಯೂ ಉತ್ತರ ಬರಲಿಲ್ಲ. "ದೊಡ್ಡ ಮನುಷ್ಯರು ಮಾರಾಯ, ಪುರುಸೊತ್ತು ಬೇಡವಾ?" ಎನ್ನುತ್ತಿದ್ದಿರಿ.

ಆ ಬಾಟಲಿ ಬಂದಾಗಲೆಲ್ಲ, ಅದನ್ನು ಕಳಿಸಿದವರು ಯಾರೆಂದು ಸಾಹೇಬರು ಮನೆಯಲ್ಲಿ ಹೇಳುತ್ತಿದ್ದರು, ಬಾಪಾ?