ಎರಡು ಸಲ ಜಗ್ಗಿದೆ

ಬಾದಾಮಿ, ಶ್ರಾವಣ, ೧೯೮೩

ಅಪ್ಪಾ,

ಇವತ್ತು ಬೆಟ್ಟದ ಸೀಳಿನಲ್ಲಿ, ಸುರಿಯುವ ನೀರಿನ ಜೊತೆಗೇ ಹಗ್ಗ ಕಟ್ಟಿಕೊಂಡು ಇಳಿದೆ! ಮೇಲೆ ಹಗ್ಗ ಬಿಡುತ್ತಿದ್ದವನು ನಿನ್ನ ಜೊತೆ ಬಾವಿ ತೋಡುತ್ತಿದ್ದ ಕನಕಪ್ಪ ಕಾಕಾ.

“ಕೂಗಿದ್ರ ಕೇಳಂಗಿಲ್ಲ. ನೆಲ ಮುಟ್ಟಿದ ಮ್ಯಾಲೆ ಎರಡು ಸಲ ಜಗ್ಗು, ನಿಮ್ಮಪ್ಪ ಬಾವ್ಯಾಗ ಜಗ್ಗತಿದ್ನಲ್ಲ, ಹಂಗ. ಅಂಜಬ್ಯಾಡ,” ಅಂದ.

“ಅಂಜಿದಾಂವ ನೀ, ಕಾಕಾ. ಅದ ಗಂಟು ಎಷ್ಟು ಸಲ ಬಿಗೀತಿ!” ಎಂದು ನಕ್ಕೆ.

ಅರ್ಧ ಇಳಿದಾಗ ಬಿಸಿಲು ಬಿದ್ದು, ಕೆಂಪು ಬಂಡೆಯೆಲ್ಲ ಒಳಗಿನಿಂದ ದೀಪ ಹಚ್ಚಿದಂತಾಯಿತು. ನೀರಿನ ಹಿಂದೆ ಪಾರಿವಾಳಗಳು ಮೈ ನೆನೆಯದೆ ಕೂತಿದ್ದವು. ಬಾಯಿ ತೆರೆದು ತೂಗಾಡುತ್ತ ಉಳಿದುಬಿಟ್ಟೆ. ನೀನು ಬಾವಿಯೊಳಗೆ ಕಂಡು, ಮನೆಗೆ ಬಂದು ಹೇಳಲಾರದೆ ಹೋಗುತ್ತಿದ್ದದ್ದು ಇಂಥದ್ದನ್ನೇ ಏನು?

ಕೆಳಗೆ ನಿಂತು ಎರಡು ಸಲ ಜಗ್ಗಿದೆ. ಬೇವೂರಿನ ಬಾವಿಯಿಂದ ನೀನು ಮೇಲೆ ಬಾರದ ದಿನವೂ ಹಗ್ಗ ಹಿಡಿದಿದ್ದವನು ಕಾಕಾನೇ; ಅಂದಿನಿಂದ ಅವನು ಹಗ್ಗ ಮುಟ್ಟಿರಲಿಲ್ಲ. ಈಗ ಮೇಲಿನಿಂದ ಮರಳಿ ಜಗ್ಗಿದ. ಮತ್ತೆ ಜಗ್ಗಿದ. ನಿಲ್ಲಿಸಲೇ ಇಲ್ಲ, ಅಪ್ಪಾ.